ಇದ್ದುದನ್ನು ಜೋಡಿಸಿ ಕಟ್ಟಿದ್ದು: ವಚನ ಸಂಚಯದ ಚರಿತ್ರೆ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯ ಸ್ಮರಣ ಸಂಚಿಕೆ ಎಂದರೆ ಅದರಲ್ಲಿ ಮಠ, ಸಾಲಿ, ಸೊಸೈಟಿ, ಭಜನಾ ಮಂಡಳಿಗಳ ಚರಿತ್ರೆ ಇರುವುದು ವಾಡಿಕೆ. ಆ ಸಾಲಿನಲ್ಲಿ ಒಂದು ಜಾಲತಾಣದ ಚರಿತ್ರೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ವಚನ ಸಂಚಯ ಎಂಬ ಆ ತಾಣವನ್ನು ಕಟ್ಟಿದ ಗೆಳೆಯರು ಬೆಂಗಳೂರಿನಲ್ಲಿ ಕೂತು ಕೆಲಸ ಮಾಡಿದವರು. ಆದರೆ ತಾಣದ ಒಳಗಿರುವ ಪಠ್ಯ ಹಾದು ಬಂದದ್ದು ಧಾರವಾಡದ ಮೇಲೆಯೇ. ವಚನಗಳ ತಾಡವೋಲೆ ಕೂಡಿಹಾಕಿದ ಹಳಕಟ್ಟಿಯವರು ಹುಟ್ಟಿದ ಊರಿನಿಂದ ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕ ಕಲಬುರ್ಗಿಯವರು ಕೊನೆಯುಸಿರೆಳೆದ ಊರಿನವರೆಗೆ, ಅಂದರೆ ಧಾರವಾಡದಿಂದ ಧಾರವಾಡದವರೆಗೆ, ಆ ಪಠ್ಯದ ಹಿಂದೆ ನಮ್ಮ ನೆಲದ ಸುಮಾರು ನೂರು ವರ್ಷದ ದುಡಿಮೆ ಇದೆ. ಬೆಂಗಳೂರಿನ ಹುಡುಗರ ಪಾಲು ಎಷ್ಟು, ನಮ್ಮವರ ಪಾಲು ಎಷ್ಟು, ಹೆಸರೇ ಗೊತ್ತಿಲ್ಲದ ದೂರದೇಶದ ಪ್ರೋಗ್ರಾಮರ್‌ಗಳ ಪಾಲು ಎಷ್ಟು ಎಂದು ಬಿಡಿಸಿ ನೋಡಿದರೆ ಇಂಥ ಕೆಲಸ ಹೇಗೆ ಆಗುತ್ತದೆ ಎಂಬುದು ತಿಳಿಯುತ್ತದೆ. ಈ ಲೇಖನದ ಉದ್ದೇಶ ಅಷ್ಟೇ.

ಮೊದಲು ತಾಣದಲ್ಲಿ ಏನಿದೆ ಎಂದು ಹೇಳಿಬಿಡುತ್ತೇನೆ. 259 ವಚನಕಾರರ ಸುಮಾರು 21,000 ವಚನಗಳು ಅಲ್ಲಿವೆ. ಅವುಗಳಿಂದ ಹೆಕ್ಕಿದ ಬೇರೆ ಬೇರೆ ಪದರೂಪಗಳು ಎರಡು ಲಕ್ಷದ ಆಸುಪಾಸು. ಒಂದು ಪದ ಹಾಕಿ ಹುಡುಕಿದರೆ ಅದು ಯಾರ ಯಾರ ವಚನಗಳಲ್ಲಿ, ಎಷ್ಟೆಷ್ಟು ಕಡೆ ಬಂದಿದೆ ಎಂಬುದು ವಚನಗಳ ಸಮೇತ ಎದುರಿಗೆ ಬರುತ್ತದೆ. ವಿದ್ವಾಂಸರು ಇದನ್ನು ಪದಪ್ರಯೋಗ ಕೋಶ ಎನ್ನುತ್ತಾರೆ. ಹಿಂದೆ ಇಂಥದ್ದನ್ನು ಮಾಡಬೇಕೆಂದರೆ ಚೀಟಿ ಬರೆಯಬೇಕಿತ್ತು: ಒಂದು ಪದಕ್ಕೆ ಒಂದು ಚೀಟಿ, ಅದರ ಮೇಲೆ ಪ್ರಯೋಗದ ಸಾಲು, ಆಕರದ ಹೆಸರು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಹೀಗೆ ಚೀಟಿಗಳ ಮೇಲೆಯೇ ಕಟ್ಟಿದ್ದು. ಅದರ 8 ಸಂಪುಟಗಳು 1970ರಿಂದ 1995ರವರೆಗೆ ಒಂದೊಂದಾಗಿ ಹೊರಬಂದವು. ಆ ಕೆಲಸದ ಒಂದು ಮಗ್ಗಲನ್ನು, ಅರ್ಥ ಹೇಳುವ ಕೆಲಸವನ್ನಲ್ಲ, ಪದ ಎಲ್ಲಿದೆ ಎಂದು ತೋರಿಸುವ ಕೆಲಸವನ್ನು, ಈ ತಾಣ ಮೊಬೈಲ್ ಹಿಡಿದ ಯಾವ ಹುಡುಗಿಗಾದರೂ ಕ್ಷಣದಲ್ಲಿ ಮಾಡಿಕೊಡುತ್ತದೆ.

ಇನ್ನು ಪಠ್ಯದ ಚರಿತ್ರೆ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ವಕೀಲಿಕೆ ನಡೆಸಿದ್ದು ವಿಜಯಪುರದಲ್ಲಿ. ಊರೂರು ತಿರುಗಿ ಮನೆಗಳ ಜಂತಿಯಲ್ಲಿ, ಮಠಗಳ ಗಂಟುಗಳಲ್ಲಿ ಇದ್ದ ತಾಡವೋಲೆಗಳನ್ನು ಕೂಡಿಹಾಕಿ, ನಕಲು ಮಾಡಿ, ಒಂದಕ್ಕೊಂದು ಹೋಲಿಸಿ ನೋಡಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಅದಕ್ಕೂ ಮೊದಲು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ್ದ ಹಸ್ತಪ್ರತಿ ಹೊಳ್ಳಿ ಬಂದಿತ್ತು. ಬೇರೆಯವರ ಪ್ರೆಸ್ಸಿನ ಬಾಗಿಲು ಕಾಯುವುದು ಸಾಕೆನಿಸಿ 1925ರಲ್ಲಿ ಹಿತಚಿಂತಕ ಎಂಬ ಸ್ವಂತ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ತೆಗೆದರು. ಕೈಗೆ ಬಂದ ದುಡ್ಡೆಲ್ಲ ಅಚ್ಚಿನ ಮೊಳೆಗಳಿಗೆ ಹೋಯಿತು. ಅವರ ಬಗ್ಗೆ ಬರೆಯುವವರು ತ್ಯಾಗದ ಮಾತು ಆಡಿ ನಿಲ್ಲಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು: ಅವರು ಸಂಗ್ರಹಿಸಿದ್ದನ್ನು ಬೀರುವಿನಲ್ಲಿ ಇಟ್ಟುಕೊಳ್ಳಲಿಲ್ಲ. ಸಿಕ್ಕಿದ್ದನ್ನು ಸಿಕ್ಕ ಹಾಗೆ ಅಚ್ಚು ಹಾಕಿ ಊರಿಗೆ ಕೊಟ್ಟರು. ತಪ್ಪಿದ್ದರೆ ಮುಂದಿನವರು ತಿದ್ದಲಿ ಎಂಬ ಧೈರ್ಯ ಅದು.

ತಿದ್ದುವ ಮುಂದಿನವರೂ ಬಹಳ ಮಂದಿ ನಮ್ಮ ಜಿಲ್ಲೆಯಲ್ಲೇ ಇದ್ದರು. ಧಾರವಾಡದ ಶಿ. ಶಿ. ಬಸವನಾಳರು ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಸಂಪಾದಿಸಿದರು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಆರ್. ಸಿ. ಹಿರೇಮಠ, ಎಂ. ಎಸ್. ಸುಂಕಾಪುರ ಮೊದಲಾದವರು ಹಸ್ತಪ್ರತಿಗಳನ್ನು ಸಾಲಾಗಿ ಇಟ್ಟುಕೊಂಡು, ಪಾಠಾಂತರ ಕೊಟ್ಟು, ಸಂಪುಟದ ಮೇಲೆ ಸಂಪುಟ ತಂದರು. ಕೊನೆಗೆ 1993ರಲ್ಲಿ ರಾಜ್ಯ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ‘ಸಮಗ್ರ ವಚನ ಸಂಪುಟ’ಗಳನ್ನು ಪ್ರಕಟಿಸಿತು. ಒಟ್ಟು 15 ಸಂಪುಟ, ಕೊನೆಯದು ಪಾರಿಭಾಷಿಕ ಪದಕೋಶ. ಪ್ರಧಾನ ಸಂಪಾದಕರು ಎಂ. ಎಂ. ಕಲಬುರ್ಗಿ. ಶಿವಶರಣೆಯರ ಸಂಪುಟವನ್ನು ಸಿದ್ಧಮಾಡಿದವರು ಅದೇ ವಿಶ್ವವಿದ್ಯಾಲಯದ ವೀರಣ್ಣ ರಾಜೂರ. ಅಲ್ಲಿಗೆ ಚದುರಿದ್ದ ವಚನಗಳು ಒಂದು ಕಡೆ, ಒಂದು ಕ್ರಮದಲ್ಲಿ, ಕಡಿಮೆ ಬೆಲೆಗೆ ದೊರೆತವು. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಅಷ್ಟರೊಳಗೆ ಅವರು ಸಂಪಾದಿಸಿದ ಸಂಪುಟಗಳು ಜಾಲದ ಮೇಲೆ ಬಂದಾಗಿತ್ತು.

ಜಾಲಕ್ಕೆ ತಂದವರು ಸಂಚಯ ಎಂಬ ಗುಂಪಿನವರು. ಓಂಶಿವಪ್ರಕಾಶ್, ಪವಿತ್ರ, ದೇವರಾಜ್ ಈ ಕೆಲಸದ ಮುಂದಾಳುಗಳು. ಮೂವರೂ ತಂತ್ರಜ್ಞಾನದ ಕಡೆಯವರು. ಓಂಶಿವಪ್ರಕಾಶ್ ಮತ್ತು ಪವಿತ್ರ ಕನ್ನಡ ವಿಕಿಪೀಡಿಯದ ಬಳಗದವರೂ ಹೌದು. ಸಾಹಿತ್ಯದ ಕಡೆಯಿಂದ ಓ. ಎಲ್. ನಾಗಭೂಷಣ ಸ್ವಾಮಿ, ಕತೆಗಾರ ವಸುಧೇಂದ್ರ ಜೊತೆಯಾದರು. ಇದಕ್ಕೂ ಮುನ್ನ ಇದೇ ಬಳಗ ‘ಅರಿವಿನ ಅಲೆಗಳು’ ಎಂಬ ಹೆಸರಿನಲ್ಲಿ ಸ್ವತಂತ್ರ ತಂತ್ರಾಂಶದ ಬಗ್ಗೆ ಕನ್ನಡ ಲೇಖನಗಳನ್ನು ಕೂಡಿಸಿ ಇ-ಪುಸ್ತಕ ಮಾಡಿ ಹಂಚಿತ್ತು. ವಚನ ಸಂಚಯ 2013-14ರ ಹೊತ್ತಿಗೆ ಓದುಗರ ಕೈಗೆ ಬಂತು. ಎಲ್ಲರೂ ಹೊಟ್ಟೆಪಾಡಿನ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಇದನ್ನು ಕಟ್ಟಿದವರು. ಕನ್ನಡದ ಬಹುತೇಕ ಒಳ್ಳೆಯ ಕೆಲಸಗಳು ಹೀಗೆ ಉಳಿದ ಹೊತ್ತಿನಲ್ಲೇ ಆಗಿವೆ ಎಂಬುದು ಹೆಮ್ಮೆಯೋ ನಾಚಿಕೆಯೋ ತಿಳಿಯದು.

ಈಗ ಯಂತ್ರದ ಒಳಗೆ ಹೊಕ್ಕು ನೋಡೋಣ. ಮೊರಬದ ಒಬ್ಬ ವಿದ್ಯಾರ್ಥಿನಿ ತನ್ನ ಫೋನಿನಲ್ಲಿ ‘ಬಯಲು’ ಎಂದು ಒತ್ತುತ್ತಾಳೆ ಎಂದಿಟ್ಟುಕೊಳ್ಳಿ. ಬ, ಯ, ಲ, ಮೇಲೊಂದು ಉಕಾರದ ಕೊಂಬು: ಯಂತ್ರದ ಲೆಕ್ಕದಲ್ಲಿ ಇವು ನಾಲ್ಕು ಸಂಕೇತ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟು. ಈ ಪದ್ಧತಿಯನ್ನು 1992ರಲ್ಲಿ ರೂಪಿಸಿದವರು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. ವಿಳಾಸದ ಸಾಲಿನಲ್ಲಿ ಹೋಗುವಾಗ ಒಂದು ಬೈಟು ಮೂರು ಅಕ್ಷರವಾಗಿ ಹಿಗ್ಗುತ್ತದೆ. ಬಯಲು ಎಂಬ ಸಣ್ಣ ಪದ 36 ಅಕ್ಷರದ ಬಾಲವಾಗಿ ಸರ್ವರ್ ತಲುಪುತ್ತದೆ. ಅಲ್ಲಿ ಬಾಗಿಲಲ್ಲಿ ಕೂತ ವೆಬ್ ಸರ್ವರ್ ಅದನ್ನು ಬರಮಾಡಿಕೊಂಡು ಒಳಗಿನ ಅಪ್ಲಿಕೇಶನ್ನಿಗೆ ದಾಟಿಸುತ್ತದೆ. ಅಪ್ಲಿಕೇಶನ್ ಆ ಬಾಲವನ್ನು ಬಿಚ್ಚಿ ಮತ್ತೆ ಬಯಲು ಮಾಡಿಕೊಳ್ಳುತ್ತದೆ, ದತ್ತಸಂಚಯವನ್ನು ಕೇಳುತ್ತದೆ, ಸಿಕ್ಕ ವಚನಗಳನ್ನು ಪುಟವಾಗಿ ಜೋಡಿಸಿ ಹೊರಗೆ ಕಳಿಸುತ್ತದೆ. ಫೋನಿನಲ್ಲಿರುವ ಇನ್ನೊಂದು ಸಣ್ಣ ಯಂತ್ರಭಾಗ ಅಕ್ಷರಗಳಿಗೆ ಒತ್ತು, ಗುಣಿತ ಕೂಡಿಸಿ ತೆರೆಯ ಮೇಲೆ ಬರೆಯುತ್ತದೆ.

ಇದರಲ್ಲಿ ತಾಣ ಕಟ್ಟುವವರು ಸ್ವತಃ ಬರೆಯಬೇಕಾದದ್ದು ಎಷ್ಟು? ಅಚ್ಚರಿಯಾಗುವಷ್ಟು ಕಡಿಮೆ. ಇಂಥ ತಾಣಗಳ ತಳದಲ್ಲಿ ಇರುವುದು ಲಿನಕ್ಸ್. ಫಿನ್‌ಲೆಂಡಿನ ಲೈನಸ್ ಟೊರ್ವಾಲ್ಡ್ಸ್ ವಿದ್ಯಾರ್ಥಿಯಾಗಿದ್ದಾಗ 1991ರಲ್ಲಿ ಶುರು ಮಾಡಿದ್ದು. ಬಾಗಿಲಲ್ಲಿ ಕೂರುವ ಸರ್ವರ್‌ಗಳಲ್ಲಿ ಹಿರಿಯದು ಅಪಾಚೆ. ಅದು ಹುಟ್ಟಿದ ಬಗೆಯೇ ಈ ಲೇಖನದ ವಿಷಯಕ್ಕೆ ಸಾಕ್ಷಿ. ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ವೆಬ್ ಸರ್ವರ್ ಇತ್ತು. 1994ರಲ್ಲಿ ಅವರು ಕೇಂದ್ರ ಬಿಟ್ಟರು, ಕೆಲಸ ನಿಂತಿತು. ಅದನ್ನು ಬಳಸುತ್ತಿದ್ದವರು ತಾವು ತಾವು ಹಾಕಿಕೊಂಡಿದ್ದ ತೇಪೆಗಳನ್ನು ಒಬ್ಬರಿಗೊಬ್ಬರು ಹಂಚಿಕೊಂಡು 1995ರಲ್ಲಿ ಹೊಸ ಆವೃತ್ತಿ ಹೊರತಂದರು. ಆ ಬಳಗವೇ 1999ರಲ್ಲಿ ಅಪಾಚೆ ಪ್ರತಿಷ್ಠಾನವಾಯಿತು. ಮಾಲೀಕನಿಲ್ಲದ ಸಂಸ್ಥೆ ಅದು. ದುಡಿದವರಿಗೆ ಮಾತ್ರ ಮತ.

ಅಪ್ಲಿಕೇಶನ್ ಸರ್ವರ್ ಎಂಬ ನಡುವಿನ ಪದರದ ಕತೆಯೂ ಬೇರೆಯಲ್ಲ. ಜೋಪ್ ಎಂಬ ಸರ್ವರ್ ಅಮೆರಿಕದ ಒಂದು ಸಣ್ಣ ಕಂಪನಿಯ ಮಾರಾಟದ ಸರಕಾಗಿತ್ತು. 1998ರಲ್ಲಿ ಅದನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟರು. ಜಾವಾ ಪ್ರಪಂಚದ ಟಾಮ್‌ಕ್ಯಾಟ್ ಸನ್ ಕಂಪನಿಯ ಒಳಗೆ ಹುಟ್ಟಿ 1999ರಲ್ಲಿ ಅಪಾಚೆ ಬಳಗಕ್ಕೆ ದಾನವಾಗಿ ಬಂದದ್ದು. ಕೆಲವು ವರ್ಷದ ನಂತರ ಅದೇ ಬಳಗ ಜೆರೊನಿಮೊ ಎಂಬ ದೊಡ್ಡ ಸರ್ವರ್ ಕಟ್ಟಲು ಹೊರಟಾಗ ಎಲ್ಲವನ್ನೂ ಹೊಸದಾಗಿ ಬರೆಯಲು ಹೋಗಲಿಲ್ಲ. ಬೇರೆ ಬೇರೆಯವರು ಮಾಡಿಟ್ಟಿದ್ದ ಟಾಮ್‌ಕ್ಯಾಟ್, ಜೆಟ್ಟಿ, ಓಪನ್‌ಇಜೆಬಿ, ಆಕ್ಟಿವ್‌ಎಂಕ್ಯುಗಳನ್ನು ತಂದು, ಅವನ್ನೆಲ್ಲ ಹಿಡಿದುನಿಲ್ಲಿಸುವ ಒಂದು ಸಣ್ಣ ನಡುಗಂಬವನ್ನು ಮಾತ್ರ ತಾವು ಬರೆದರು. ವೆಬ್ ತಾಣ ಕಟ್ಟುವ ಚೌಕಟ್ಟಾದ ಜ್ಯಾಂಗೋದ ಕತೆ ಇನ್ನೂ ಸೊಗಸು. ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯ ಕಚೇರಿಯಲ್ಲಿ, ಸುದ್ದಿಯ ಗಡುವಿಗೆ ಪುಟ ಒದಗಿಸಬೇಕಾದ ಒತ್ತಡದಲ್ಲಿ, ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲ್ಲಿಸನ್ ಬರೆದುಕೊಂಡ ಕೋಡು 2005ರಲ್ಲಿ ಲೋಕಕ್ಕೆಲ್ಲ ದಕ್ಕಿತು. ಸಣ್ಣ ಊರಿನ ಪತ್ರಿಕೆ, ದೊಡ್ಡ ಕೊಡುಗೆ. ಹುಬ್ಬಳ್ಳಿ ಧಾರವಾಡದ ಪತ್ರಿಕಾ ಕಚೇರಿಗಳ ಹುಡುಗರು ಈ ಕತೆಯನ್ನು ಓದಬೇಕು.

ಹೀಗೆ ಇನ್ನೊಬ್ಬರು ಬರೆದು ಪರೀಕ್ಷಿಸಿ ಇಟ್ಟ ಕೋಡಿನ ಕಟ್ಟುಗಳನ್ನು ಪ್ರೋಗ್ರಾಮರ್‌ಗಳು ಲೈಬ್ರರಿ ಎನ್ನುತ್ತಾರೆ. ನಮ್ಮ ಭಾಗದವರಿಗೆ ಇದರ ರೀತಿ ತಿಳಿಯಲು ದೂರ ಹೋಗಬೇಕಿಲ್ಲ. ಅಣ್ಣಿಗೇರಿಯಿಂದ ಪೂರ್ವಕ್ಕೆ ಹೊರಟರೆ ಗದಗಿನ ಆಚೆಗೆ ಕಣಗಿನಹಾಳ ಇದೆ; 1997ರವರೆಗೆ ಅದೂ ಧಾರವಾಡ ಜಿಲ್ಲೆಯ ಊರೇ. ಸಣ್ಣರಾಮನಗೌಡರ ಸಿದ್ದನಗೌಡ ಪಾಟೀಲರು 1905ರಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಂಘದಲ್ಲಿ ಒಬ್ಬೊಬ್ಬನ ಷೇರು ಸಣ್ಣದು, ಕೂಡಿದ ಗಂಟಿನಿಂದ ಯಾರಿಗೆ ಬೇಕೋ ಅವರು ಬಿತ್ತನೆಗೆ ಎತ್ತಿಕೊಳ್ಳುತ್ತಾರೆ, ಸುಗ್ಗಿಗೆ ಹೊಳ್ಳಿ ತುಂಬುತ್ತಾರೆ. ಮುಕ್ತ ತಂತ್ರಾಂಶದಲ್ಲಿ ಷೇರು ಎಂದರೆ ದುಡಿಮೆ. ಒಂದು ವ್ಯತ್ಯಾಸ ಮಾತ್ರ ಇದೆ: ಸಂಘದ ಗಂಟು ಎತ್ತಿಕೊಂಡಷ್ಟೂ ಕರಗುತ್ತದೆ, ಕೋಡು ಕರಗುವುದಿಲ್ಲ. ಹಾಗಾಗಿ ಹೊಳ್ಳಿ ತುಂಬದವರನ್ನು ಯಾರೂ ನೋಟಿಸು ಕಳಿಸಿ ಕರೆಯುವುದಿಲ್ಲ. ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ರೂಪಿಸಿದ ಜಿಪಿಎಲ್ ಪರವಾನಗಿ ಈ ವಿಷಯದಲ್ಲಿ ಸ್ವಲ್ಪ ಬಿಗಿ: ಬದಲಾಯಿಸಿ ಬೇರೆಯವರಿಗೆ ಹಂಚಿದರೆ ಆ ಬದಲಾವಣೆಯ ಮೂಲವನ್ನೂ ಕೊಡಬೇಕು. ಬಿಎಸ್‌ಡಿ, ಎಂಐಟಿ ಬಗೆಯ ಪರವಾನಗಿಗಳಲ್ಲಿ ಅದೂ ಇಲ್ಲ, ಬರೆದವರ ಹೆಸರು ಮತ್ತು ಪರವಾನಗಿಯ ಒಕ್ಕಣೆ ಉಳಿಸಿಕೊಂಡರೆ ಸಾಕು.

ಹಾಗಾದರೆ ಎಲ್ಲ ಇದ್ದುದೇ, ಇವರು ಮಾಡಿದ್ದೇನು ಎಂದು ಕೇಳಬಹುದು. ಇದ್ದ ಲೈಬ್ರರಿಗಳಲ್ಲಿ ಎಲ್ಲವೂ ಇತ್ತು, ಕನ್ನಡ ಇರಲಿಲ್ಲ. ಅಥವಾ ಇದ್ದಷ್ಟು ಕನ್ನಡ ಸಾಲುತ್ತಿರಲಿಲ್ಲ. ಸಂಚಯದವರ ದುಡಿಮೆಯನ್ನು ಅಳೆಯಬೇಕಾದದ್ದು ಇಲ್ಲಿ.

ಮೊದಲ ತೊಡಕು ಅಕ್ಷರಸಂಕೇತದ್ದು. ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಿಂದಲೂ 128 ಮನೆಗಳ ಜಾಗ ಇದೆ. ಆದರೆ ಡಿಟಿಪಿ ಅಂಗಡಿಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಬಹಳ ಕಾಲ ನಡೆದದ್ದು ಆಸ್ಕಿ ಎಂದು ಕರೆಯುವ ಹಳೆಯ ಪದ್ಧತಿ. ಅದರಲ್ಲಿ ಯಂತ್ರಕ್ಕೆ ಕನ್ನಡವೇ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದಾರೆ, ಅಷ್ಟೇ. ಉದಾಹರಣೆಗೆ ನುಡಿ ಫಾಂಟು ತೆಗೆದುಕೊಳ್ಳಿ. ‘ಕ’ ಎಂದು ಕಾಣುವುದರ ಒಳಗೆ ಇರುವುದು ಇಂಗ್ಲಿಷಿನ ಪಿ ಅಕ್ಷರದ ಸಂಕೇತ, ಅದರ ಮುಂದೆ ತಲೆಕಟ್ಟಿಗೊಂದು ಬೇರೆ ಸಂಕೇತ. ‘ಮ’ ಬರೆಯಬೇಕಾದರೆ ‘ವ’ ಬರೆದು ಅದಕ್ಕೊಂದು ಕೊಂಬಿನಂಥ ಗೆರೆ ಅಂಟಿಸುತ್ತದೆ. ‘ವು’ ಬರೆಯಲು ಬೇರೆ ಕೊಂಬು. ಕಣ್ಣಿಗೆ ಎಲ್ಲ ಸರಿ. ಆದರೆ ಯಂತ್ರಕ್ಕೆ ಹುಡುಕು ಎಂದರೆ ಅದು ಏನನ್ನು ಹುಡುಕಬೇಕು?

ಸಮಗ್ರ ಸಂಪುಟಗಳ ಪಠ್ಯ ಇಂಥ ಹಳೆಯ ಸಂಕೇತದಿಂದ ಯೂನಿಕೋಡಿಗೆ ಬರಬೇಕಿತ್ತು. ಇದು ಒಂದಕ್ಕೊಂದು ಅಕ್ಷರ ಬದಲಿಸುವ ಕೆಲಸವಲ್ಲ. ಹಳೆಯ ಫಾಂಟುಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ, ಯೂನಿಕೋಡಿನಲ್ಲಿ ಬಾಯಿಗೆ ಬರುವ ಕ್ರಮದಲ್ಲಿ. ‘ಧರ್ಮ’ ಎಂಬ ಪದವನ್ನೇ ನೋಡಿ. ಹಳೆಯದರಲ್ಲಿ ಧ, ಮ, ಕೊನೆಗೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ಧ, ಆಮೇಲೆ ಅರ್ಧ ರ, ಆಮೇಲೆ ಮ. ಅಂದರೆ ಪರಿವರ್ತಕ ತಂತ್ರಾಂಶ ಅರ್ಕಾವೊತ್ತನ್ನು ಕಂಡೊಡನೆ ಹಿಂದೆ ತಿರುಗಿ, ಅದರ ಹಿಂದಿನ ಅಕ್ಷರ ಎಲ್ಲಿ ಶುರುವಾಗಿದೆ ಎಂದು ಗುರುತಿಸಿ, ರಕಾರವನ್ನು ಅಲ್ಲಿ ನಾಟಬೇಕು. ಆ ಹಿಂದಿನ ಅಕ್ಷರಕ್ಕೂ ಒತ್ತು, ದೀರ್ಘ ಇದ್ದರೆ ಇನ್ನಷ್ಟು ಹಿಂದೆ ಹೋಗಬೇಕು. ಒತ್ತಕ್ಷರದ ಕತೆಯೂ ಹಾಗೆ: ಹಳೆಯದರಲ್ಲಿ ಗುಣಿತದ ಗುರುತು ಮೊದಲು, ಒತ್ತು ಆಮೇಲೆ, ಯೂನಿಕೋಡಿನಲ್ಲಿ ತಿರುವುಮುರುವು. ಓಕಾರದ ಗುರುತು ಮೂರು ತುಂಡಾಗಿ ಬಿದ್ದಿರುತ್ತದೆ, ಅದನ್ನು ಹೆಕ್ಕಿ ಒಂದು ಮಾಡಬೇಕು. ಇಂಥ ಪರಿವರ್ತಕವನ್ನು ಮುಕ್ತವಾಗಿ ಬರೆದುಕೊಟ್ಟವರಲ್ಲಿ ಅರವಿಂದ ವಿ. ಕೆ. ಒಬ್ಬರು; ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಯೂನಿಕೋಡ್ ಫಾಂಟುಗಳನ್ನು ಮಾಡಿದವರೂ ಅವರೇ. ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯೆಂದು ಒಪ್ಪಿ ಆದೇಶ ಹೊರಡಿಸಿದ್ದು 2012ರಲ್ಲಿ, ಅಂದರೆ ಶಿಷ್ಟತೆ ಬಂದು ಎರಡು ದಶಕ ಕಳೆದ ಮೇಲೆ. ಆ ಎರಡು ದಶಕದಲ್ಲಿ ಹಳೆಯ ಸಂಕೇತದಲ್ಲಿ ಟೈಪಾದ ಕನ್ನಡ ಎಷ್ಟು ಕಡತಗಳಲ್ಲಿ ಕೊಳೆಯುತ್ತಿದೆಯೋ. ನಮ್ಮ ಕಡೆಯ ಡಿಟಿಪಿ ಅಂಗಡಿಗಳ ಕಂಪ್ಯೂಟರುಗಳಲ್ಲೂ ಬಹಳ ಇದ್ದೀತು.

ಎರಡನೆಯ ತೊಡಕು ಪದ ಒಡೆಯುವುದರಲ್ಲಿ. ಪಠ್ಯದಿಂದ ಪದಗಳನ್ನು ಬಿಡಿಸುವ ಲೈಬ್ರರಿಗಳು ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ತಯಾರಿರುತ್ತವೆ. ಆದರೆ ಅವುಗಳಲ್ಲಿ ಹಲವಕ್ಕೆ ಅಕ್ಷರ ಎಂದರೆ ಒಂಟಿಯಾಗಿ ನಿಲ್ಲುವ ಅಕ್ಷರ. ಕೊಂಬು, ಒತ್ತಿನ ಹಲಂತ ಇವನ್ನು ಅವು ಪದದ ಭಾಗವೆಂದು ಒಪ್ಪುವುದಿಲ್ಲ. ಕಣ್ಣುಮುಚ್ಚಿ ಬಳಸಿದರೆ ‘ಬಯಲು’ ಕೊಂಬು ಕಳೆದುಕೊಂಡು ‘ಬಯಲ’ ಆಗುತ್ತದೆ, ‘ಭಕ್ತ’ ಎರಡು ಹೋಳಾಗಿ ‘ಭಕ’, ‘ತ’ ಆಗುತ್ತದೆ. ಭಕ್ತನನ್ನು ಹೀಗೆ ಸೀಳುವ ಯಂತ್ರವನ್ನು ಬಸವಣ್ಣನವರು ಕಂಡಿದ್ದರೆ ಏನೆನ್ನುತ್ತಿದ್ದರೋ! ಕನ್ನಡದ ಕೆಲಸಕ್ಕೆ ಈ ನಿಯಮಗಳನ್ನು ಕೈಯಾರೆ ತಿದ್ದಿ ಬರೆದುಕೊಳ್ಳದೆ ಗತಿಯಿಲ್ಲ.

ಮೂರನೆಯದು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಹುಡುಕುವ ಲೈಬ್ರರಿಗಳಲ್ಲಿ ಇಂಗ್ಲಿಷ್, ಜರ್ಮನ್ ಮುಂತಾದ ಭಾಷೆಗಳಿಗೆ ಪ್ರತ್ಯಯ ಕತ್ತರಿಸಿ ಮೂಲಪದಕ್ಕೆ ಬರುವ ನಿಯಮಗಳು ಮೊದಲೇ ಇದ್ದವು, ಕನ್ನಡಕ್ಕೆ ಇರಲಿಲ್ಲ. ಬಯಲು, ಬಯಲಿಗೆ, ಬಯಲಲ್ಲಿ, ಬಯಲಾಯಿತ್ತು ಇವೆಲ್ಲ ಯಂತ್ರಕ್ಕೆ ಬೇರೆ ಬೇರೆ ಪದಗಳೇ. ಎರಡು ಲಕ್ಷ ಪದರೂಪ ಎಂದು ಮೇಲೆ ಹೇಳಿದ ಸಂಖ್ಯೆ ಅಷ್ಟು ದೊಡ್ಡದಾಗಲು ಒಂದು ಕಾರಣ ಇದು. ಸಂಧಿಯಾದ ಪದಗಳು ಇನ್ನೂ ಕಷ್ಟ. ಅಂಕಿತಗಳಲ್ಲೇ ನೋಡಿ: ಒಂದು ಕಡೆ ಕೂಡಿಸಿ ಬರೆದ ‘ಕೂಡಲಸಂಗಮದೇವಾ’, ಇನ್ನೊಂದು ಕಡೆ ಬಿಡಿಸಿ ಬರೆದ ‘ಕೂಡಲ ಸಂಗಮದೇವ’. ಓದುಗನಿಗೆ ಎರಡೂ ಒಂದೇ, ಎಣಿಸುವ ಯಂತ್ರಕ್ಕೆ ಅಲ್ಲ. ಆದ್ದರಿಂದ ತಾಣ ಕೊಡುವ ಎಣಿಕೆಯನ್ನು ಸಂಶೋಧನ ಪ್ರಬಂಧದಲ್ಲಿ ನೇರ ಎತ್ತಿ ಹಾಕುವ ವಿದ್ಯಾರ್ಥಿಗಳು ಎಚ್ಚರದಿಂದ ಇರಬೇಕು. ಎಣಿಕೆ ಹುಡುಕಾಟಕ್ಕೆ ದಾರಿ, ತೀರ್ಪಲ್ಲ. ಇನ್ನೂ ಒಂದು ಮಾತು: ತಾಣದಲ್ಲಿರುವುದು ಸಮಗ್ರ ಸಂಪುಟದ ಪಾಠ. ಹಸ್ತಪ್ರತಿಗಳ ಪಾಠಾಂತರ ಬೇಕಾದವರು ಇವತ್ತಿಗೂ ಕರ್ನಾಟಕ ವಿಶ್ವವಿದ್ಯಾಲಯದ ಹಳೆಯ ಸಂಪುಟಗಳನ್ನೇ ಕೆಳಗಿಳಿಸಿ ಧೂಳು ಒರೆಸಬೇಕು.

ಪಡೆದವರು ಕೊಡಬೇಕು ಎಂಬ ನಿಯಮವನ್ನು ಸಂಚಯ ಪಾಲಿಸಿತು. ಯೂನಿಕೋಡಿಗೆ ಬಂದ ವಚನಗಳನ್ನು ವಿಕಿಪೀಡಿಯದ ಸೋದರ ತಾಣವಾದ ಕನ್ನಡ ವಿಕಿಸೋರ್ಸಿಗೂ ಕೊಟ್ಟಿತು. ಹೀಗಾಗಿ ನಾಳೆ ತಾಣ ನಿಂತರೂ ಪಠ್ಯ ನಿಲ್ಲುವುದಿಲ್ಲ. ಕನ್ನಡದ ಎಷ್ಟೋ ತಾಣಗಳು, ಸರ್ಕಾರದ ದುಡ್ಡಿನವೂ ಸೇರಿ, ಗುತ್ತಿಗೆ ಮುಗಿದ ದಿನ ಕಣ್ಮರೆಯಾದದ್ದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಅದೇ ಅಡಿಪಾಯದ ಮೇಲೆ ದಾಸ ಸಾಹಿತ್ಯಕ್ಕೊಂದು ಸಂಚಯ, ಸರ್ವಜ್ಞನ ವಚನಗಳಿಗೊಂದು ಸಂಚಯ ಎದ್ದವು. ಪುಸ್ತಕ ಸಂಚಯ ಬೇರೆ ಬಗೆಯದು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ, ಉಸ್ಮಾನಿಯಾ ವಿಶ್ವವಿದ್ಯಾಲಯ ಇವರ ಸಂಗ್ರಹಗಳಲ್ಲಿ ಸ್ಕ್ಯಾನ್ ಆಗಿದ್ದ ಸಾವಿರಾರು ಕನ್ನಡ ಪುಸ್ತಕಗಳ ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿ, ಅದೂ ದೀರ್ಘ ಹ್ರಸ್ವದ ಗೊಡವೆಯಿಲ್ಲದೆ, ದಾಖಲಾಗಿದ್ದವು. ಕನ್ನಡದಲ್ಲಿ ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ. ಸಮೂಹ ಸಂಚಯ ಎಂಬ ಸಣ್ಣ ತಾಣ ಮಾಡಿ, ಆಸಕ್ತರಿಗೆ ಒಂದೊಂದು ಹೆಸರು ತೋರಿಸಿ, ಅದನ್ನು ಕನ್ನಡದಲ್ಲಿ ಬರೆಸಿಕೊಂಡರು. ಮನೆಯಲ್ಲಿ ಕೂತವರು ಹತ್ತು ಹತ್ತು ಹೆಸರು ಬರೆದು ಕೊಟ್ಟರು. ತಂತ್ರಾಂಶ ಸಣ್ಣದು, ಉಪಾಯ ದೊಡ್ಡದು. ಮುಂದೆ ಓಂಶಿವಪ್ರಕಾಶ್ ಮತ್ತು ಬಳಗದವರು ಮುಕ್ತ ಜ್ಞಾನದ ಹೋರಾಟಗಾರ ಕಾರ್ಲ್ ಮಾಲಮುಡ್ ಅವರ ಜೊತೆಗೂಡಿ ‘ಸರ್ವೆಂಟ್ಸ್ ಆಫ್ ನಾಲೆಜ್’ ಹೆಸರಿನಲ್ಲಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್‌ಗೆ ಏರಿಸುವ ಕೆಲಸಕ್ಕೆ ಕೈ ಹಾಕಿದರು.

ಈ ಚರಿತ್ರೆಯನ್ನು ಬರೆಯುವಾಗ ಒಂದು ಅನಿಸಿಕೆ ಗಟ್ಟಿಯಾಗುತ್ತ ಬಂತು. ವಚನ ಸಂಚಯವನ್ನು ಹೊಗಳುವವರು ಹೊಸ ತಂತ್ರಜ್ಞಾನ ಎಂದು ಹೊಗಳುತ್ತಾರೆ. ಅದರಲ್ಲಿ ಹೊಸ ತಂತ್ರಜ್ಞಾನ ಬಹಳ ಇಲ್ಲ, ಇರಬೇಕಾಗಿಯೂ ಇರಲಿಲ್ಲ. ಇದ್ದುದನ್ನು ಗುರುತಿಸುವುದು, ಅದರಲ್ಲಿ ಕನ್ನಡಕ್ಕೆ ಕೊರತೆ ಬಿದ್ದ ಜಾಗವನ್ನು ಕಂಡುಹಿಡಿಯುವುದು, ಅಷ್ಟನ್ನು ಮಾತ್ರ ತಾವು ಮಾಡಿ ಹೊಳ್ಳಿ ಎಲ್ಲರಿಗೂ ಕೊಡುವುದು: ಇದು ಅವರ ಹೆಚ್ಚುಗಾರಿಕೆ. ಎಲ್ಲವನ್ನೂ ತಾವೇ ಶುರುವಿನಿಂದ ಮಾಡುತ್ತೇವೆಂದು ಹೊರಟ ಕನ್ನಡ ತಂತ್ರಾಂಶಗಳು ಅರ್ಧಕ್ಕೆ ನಿಂತದ್ದು ಕಡಿಮೆಯೇನಲ್ಲ.

ನಮ್ಮ ತಾಲ್ಲೂಕುಗಳ ಪಾಲು ಇನ್ನೂ ಬಾಕಿ ಇದೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಪಂಪನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನ ಹೇಳುತ್ತದೆ. ಪಂಪನ ಕಾವ್ಯವನ್ನು ಇದೇ ಬಗೆಯಲ್ಲಿ ಪದಪದಕ್ಕೂ ಹುಡುಕುವ ಹಾಗೆ ತರಬೇಕಾದರೆ ಹಳಗನ್ನಡದ ಱ, ೞ ಅಕ್ಷರಗಳನ್ನು ಸರಿಯಾಗಿ ದುಡಿಸಿಕೊಳ್ಳಬೇಕು. ತಮಾಷೆಯೆಂದರೆ ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರಕ್ಕೆ ತಪ್ಪಿ ‘ಫ’ ಎಂದು ಹೆಸರಿಟ್ಟುಬಿಟ್ಟಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅವರ ನಿಯಮ, ಹಾಗಾಗಿ ಪಕ್ಕದಲ್ಲಿ ತಿದ್ದುಪಡಿಯ ಅಡ್ಡಹೆಸರು ಕೊಟ್ಟು ಸುಮ್ಮನಾಗಿದ್ದಾರೆ. ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದಭಟ್ಟರು, ಅವರ ಶಿಷ್ಯ ಶಿಶುನಾಳ ಶರೀಫರು, ನವಲಗುಂದದ ನಾಗಲಿಂಗಸ್ವಾಮಿಗಳು ಓಡಾಡಿದ ನೆಲ ಇದು. ಭಜನೆಯ ಮೇಳಗಳು ಹಾಡುವ ತತ್ತ್ವಪದಗಳು ಇನ್ನೂ ಕೈಬರಹದ ವಹಿಗಳಲ್ಲಿವೆ, ಹಾಡುವವರ ನಾಲಗೆಯ ಮೇಲಿವೆ. ಒಂದೇ ಪದ ಊರಿಗೊಂದು ಪಾಠ. ವಚನಗಳಿಗೆ ಹಳಕಟ್ಟಿಯವರು ಮಾಡಿದ ಮೊದಲ ಹಂತದ ಕೆಲಸವೇ ಇಲ್ಲಿ ಎಷ್ಟೋ ಕಡೆ ಆಗಬೇಕಿದೆ.

ಕಾನೂನಿನ ಅಡ್ಡಿಯೂ ಒಂದು ಕಡೆ ಸರಿದಿದೆ. ನಮ್ಮ ದೇಶದಲ್ಲಿ ಲೇಖಕರ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಹೀಗಾಗಿ 2025ರ ಜನವರಿ 1ರಿಂದ ಅವರು ಬರೆದದ್ದು ಎಲ್ಲರ ಸ್ವತ್ತು. ಯಾರು ಬೇಕಾದರೂ ಸ್ಕ್ಯಾನ್ ಮಾಡಬಹುದು, ಟೈಪು ಮಾಡಬಹುದು, ತಾಣ ಕಟ್ಟಬಹುದು, ಯಾರನ್ನೂ ಕೇಳಬೇಕಿಲ್ಲ.

ಆದ್ದರಿಂದ ಈ ಸಂಚಿಕೆ ಓದುವ ಅಣ್ಣಿಗೇರಿ, ಕಲಘಟಗಿ, ಕುಂದಗೋಳ, ನವಲಗುಂದದ ಹಿರಿಯರಲ್ಲಿ, ಮಠದ ಅಜ್ಜಾವರಲ್ಲಿ, ಸಾಲಿಯ ಮಾಸ್ತರರಲ್ಲಿ ಒಂದು ಕೋರಿಕೆ. ನಿಮ್ಮ ಅಟ್ಟದಲ್ಲಿ ‘ಶಿವಾನುಭವ’ದ ಹಳೆಯ ಸಂಚಿಕೆ ಇದ್ದರೆ, ಹಿತಚಿಂತಕದಲ್ಲಿ ಅಚ್ಚಾದ ಪುಸ್ತಕ ಇದ್ದರೆ, ಭಜನೆ ಪದಗಳ ವಹಿ ಇದ್ದರೆ, ಅದನ್ನು ರದ್ದಿಗೆ ಹಾಕಬೇಡಿ, ಗಂಟು ಕಟ್ಟಿ ಪೂಜೆಗೂ ಇಡಬೇಡಿ. ಊರಿನ ಕಾಲೇಜಿಗೆ ಹೋಗುವ ಹುಡುಗರನ್ನು ಕರೆದು ಪ್ರತಿ ಪುಟದ ಫೋಟೊ ತೆಗೆಸಿ, ವಿಕಿಸೋರ್ಸಿಗೆ ಏರಿಸಿ. ಹುಡುಗರೇ, ಏರಿಸಿದ ಮೇಲೆ ದಿನಕ್ಕೊಂದು ಪುಟ ಯೂನಿಕೋಡಿನಲ್ಲಿ ಟೈಪು ಮಾಡಿ, ಇನ್ನೊಬ್ಬರ ಕೈಯಲ್ಲಿ ತಪ್ಪು ತಿದ್ದಿಸಿ. ಮುಂದೆ ಅದನ್ನು ಹುಡುಕುವ ತಾಣ ಕಟ್ಟಲು ಬೇಕಾದ ಸರ್ವರ್, ದತ್ತಸಂಚಯ, ಫಾಂಟು, ಪರಿವರ್ತಕ ಎಲ್ಲವೂ ತಯಾರಾಗಿ, ಪುಕ್ಕಟೆಯಾಗಿ ಬಿದ್ದಿವೆ. ಪಠ್ಯ ಮಾತ್ರ ನೀವೇ ಕೊಡಬೇಕು.